ಆನೆಗೆ ಅಡ್ಡ ನಿಂತವರು

ಆ ವೆಬ್‌ಸೈಟನ್ನು ನನ್ನ ವಾರಗಿತ್ತಿಗೆ ತೋರಿಸಿಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವಳ ಮೇಲೆ ಉರಿದುಕೊಂಡದ್ದನ್ನೆಲ್ಲ ಓದುವಾಗ ಇವಳಿಗೇನು ಗ್ರಹಚಾರ ಎಂದು ಯಾರಿಗಾದರೂ ಅನ್ನಿಸಬಹುದು. ಗ್ರಹಚಾರವೇ, ಆದರೆ ನಾನೇ ಕೈಯಾರೆ ತಂದುಕೊಂಡದ್ದು.

ಅವಳು ನನ್ನ ಮೈದುನನ ಹೆಂಡತಿ. ಅವರಿರುವುದು ಚಾಮರಾಜನಗರದಲ್ಲಿ, ಅವಳಿಗೆ ಅಲ್ಲೊಂದು ಬ್ಯಾಂಕಿನಲ್ಲಿ ಕೆಲಸ. ನಾವು ಗುಂಡ್ಲುಪೇಟೆಯಲ್ಲಿ ಅತ್ತೆಯ ಜೊತೆ ಇದ್ದೇವೆ. ಕೇರಳದ ರಸ್ತೆಯಲ್ಲಿ, ಬಂಡೀಪುರದ ಅಂಚಿನ ಮದ್ದೂರಿನ ಕಾಡು ಶುರುವಾಗುವುದಕ್ಕೆ ಮುಂಚೆ ಸಿಗುವ ಹಳ್ಳಿಯೊಂದರ ಶಾಲೆಯಲ್ಲಿ ನಾನು ಟೀಚರ್. ಅವಳು ನನಗಿಂತ ಚಿಕ್ಕವಳು, ಬೆಳ್ಳಗಿದ್ದಾಳೆ, ಬಾಯಿ ತುಂಬ ‘ಅಕ್ಕ’ ಎನ್ನುತ್ತಾಳೆ. ಹಬ್ಬಕ್ಕೆ ಬಂದರೆ ಸೆರಗು ಸಿಕ್ಕಿಸಿಕೊಂಡು ಪಾತ್ರೆ ತೊಳೆಯಲೂ ಕೂರುತ್ತಾಳೆ. ಜಗಳವಾಡಲು ಒಂದು ನೆಪ ಕೊಡುವುದಿಲ್ಲ. ಅವಳಲ್ಲಿ ನನಗೆ ಮೊದಲಿನಿಂದಲೂ ಹಿಡಿಸದೆ ಇರುವುದು ಅದೇ.

ಹಳೆಯ ಪೋಸ್ಟ್ ಕಾರ್ಡು ಕೂಡಿಡುವ ಹುಚ್ಚು ಮೊದಲು ಹಿಡಿದದ್ದು ನನಗೆ. ಮನೆ ರಿಪೇರಿಗೆಂದು ಅಟ್ಟ ಖಾಲಿ ಮಾಡುವಾಗ ಒಂದು ಕಾಗದದ ತಂತಿ ಸಿಕ್ಕಿತು. ಹಿಂದೆ ನಮ್ಮ ಕಡೆ ಮನೆಗೆ ಬಂದ ಕಾಗದವನ್ನು ಓದಿಯಾದ ಮೇಲೆ ಒಂದು ಕೊಕ್ಕೆ ತಂತಿಗೆ ಚುಚ್ಚಿ, ಆ ತಂತಿಯನ್ನು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಮಾವನವರ ಕಾಲದ ಕಾರ್ಡುಗಳೆಲ್ಲ ಆ ತಂತಿಯಲ್ಲಿ ಒಂದರ ಮೇಲೊಂದು ಕೂತಿದ್ದವು. ಎಮ್ಮೆ ಈದ ಸುದ್ದಿ, ಮಗುವಿಗೆ ನಾಮಕರಣದ ಸುದ್ದಿ, ಬಿತ್ತನೆಗೆ ಬೀಜ ಕಳಿಸಿ ಎಂಬ ಮಾತು. ಅತ್ತೆ ಅದನ್ನು ಬಚ್ಚಲೊಲೆಗೆ ಹಾಕಲು ಹೊರಟಿದ್ದರು, ನಾನು ಕಿತ್ತುಕೊಂಡೆ.

“ಅದ್ನ ಇಟ್ಕಂಡು ಏನ್ ಮಾಡಿಯೆ? ಸಾರ್ ಮಾಡಿಯಾ?” ಎಂದರು ಅತ್ತೆ.

ಆ ಕಾರ್ಡುಗಳ ಮೇಲೆ ನನಗೆ ಪ್ರೀತಿ ಬಂದದ್ದು ನಿಜ. ಆದರೆ ನನ್ನ ಮನಸ್ಸಿನಲ್ಲಿ ಕೂತಿದ್ದುದು ಬೇರೆಯೇ ಒಂದು ಕಾರ್ಡು. ಪ್ರವಾಸಿಗಳಿಗೆ ಮಾರಲು ಅಚ್ಚು ಹಾಕಿದ, ಬಣ್ಣದ ಚಿತ್ರವಿರುವ ಕಾರ್ಡು. ನನ್ನ ಅಪ್ಪ ಬಂಡೀಪುರದ ಕಾಡು ಕಾಯುವ ವಾಚರ್ ಆಗಿದ್ದರು. ನಾನು ಹುಟ್ಟುವ ಮುಂಚೆ ಮೈಸೂರಿನಿಂದ ಒಬ್ಬ ಫೋಟೋದವನು ಬಂದು ಅಲ್ಲಿ ಚಿತ್ರ ತೆಗೆದನಂತೆ, ಅದರಲ್ಲಿ ಅಪ್ಪನೂ ಬಿದ್ದರಂತೆ, ಆಮೇಲೆ ಅದು ಕಾರ್ಡಾಗಿ ಮೈಸೂರಿನ ಅಂಗಡಿಗಳಲ್ಲಿ ಮಾರಾಟವಾಯಿತಂತೆ. ಅಪ್ಪ ಒಂದನ್ನು ಕೊಂಡು ತಂದು ಗೋಡೆಗೂಡಿನಲ್ಲಿ ಇಟ್ಟಿದ್ದರು. ಗೋಡೆಗೆ ಹತ್ತಿದ ಗೆದ್ದಲು ಅದನ್ನೂ ತಿಂದುಹಾಕಿತು. ಆಮೇಲೆ ಅದು ಬರೀ ಮಾತಾಗಿ ಉಳಿಯಿತು.

“ನನ್ ಫೋಟಾ ಕಾರ್ಡಲ್ ಬಂದಿತ್ತು ಕಣವ್ವ. ಪಕ್ದಲ್ಲಿ ಆನೆನೂ ಇತ್ತು” ಎನ್ನುತ್ತಿದ್ದರು ಅಪ್ಪ, ನೆಂಟರು ಬಂದಾಗಲೆಲ್ಲ.

ಅಪ್ಪ ತೀರಿಕೊಂಡಾಗ ಗೋಡೆಗೆ ಹಾಕಲು ನಮಗೆ ಸಿಕ್ಕಿದ್ದು ವೋಟರ್ ಕಾರ್ಡಿನ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಕೆನ್ನೆ ಗುಳಿಬಿದ್ದ, ಯಾರ ಮೇಲೋ ರೇಗಿದ ಮುದುಕರೊಬ್ಬರು ತವರುಮನೆಯ ಗೋಡೆಯಿಂದ ನಮ್ಮನ್ನು ನೋಡುತ್ತಾರೆ. ಅಪ್ಪನ ಪ್ರಾಯದ ಮುಖ ಹೇಗಿತ್ತೆಂದು ನನಗೆ ಗೊತ್ತಿರಲಿಲ್ಲ. ಆ ಕಾರ್ಡೊಂದು ಸಿಕ್ಕಿದರೆ ಸಾಕು ಎಂದು ಎಷ್ಟು ಕಡೆ ಹುಡುಕಿದೆನೋ. ಗೋಪಾಲಸ್ವಾಮಿ ಬೆಟ್ಟದ ಕೆಳಗೆ ಬಸ್ಸು ಹತ್ತುವ ಕಡೆ ಇರುವ ಅಂಗಡಿಗಳಲ್ಲೂ ಕೇಳಿದೆ. ಅಲ್ಲಿ ಫ್ರಿಜ್ಜಿಗೆ ಅಂಟಿಸುವ ಹುಲಿ ಇತ್ತು, ಕೀಲಿಗೊಂಚಲಿಗೆ ಹಾಕುವ ಹುಲಿ ಇತ್ತು.

“ಕಾರ್ಡಾ? ಈಗ ಯಾರ್ ತಕ್ಕತರೆ ಮೇಡಂ, ಎಲ್ರ ಕೈಲೂ ಮೊಬೈಲದೆ” ಎಂದ ಅಂಗಡಿಯವನು.

ಈ ಹುಡುಕಾಟದ ವಿಷಯ ನನ್ನ ಗಂಡನಿಗೆ ಮಾತ್ರ ಗೊತ್ತಿತ್ತು. ಅತ್ತೆಗೆ ಹೇಳಲಿಲ್ಲ. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆಗೆ ಇದ್ದದ್ದು ಅತ್ತೆಯ ತವರೂರಿನಲ್ಲಿ. ಆ ಗುರುತಿನಿಂದಲೇ ನನ್ನ ಮದುವೆ ಕುದುರಿದ್ದು. ಅಷ್ಟಿದ್ದರೂ ಹೇಳಲಿಲ್ಲ, ಏಕೆಂದರೆ ಅತ್ತೆಗೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಚಾಮರಾಜನಗರ ತಲುಪಿರುತ್ತದೆ.

ವೆಬ್‌ಸೈಟು ಸಿಕ್ಕಿದ್ದು ಬೇಸಿಗೆ ರಜೆಯಲ್ಲಿ. ಮೊಬೈಲಿನಲ್ಲಿ ‘ಹಳೆಯ ಪೋಸ್ಟ್ ಕಾರ್ಡ್ ಬಂಡೀಪುರ’ ಎಂದು ಇಂಗ್ಲಿಷಿನಲ್ಲಿ ಹೊಡೆಯುತ್ತ ಕೂತಿದ್ದೆ. ಒಂದು ಪುಟ ತೆರೆದುಕೊಂಡಿತು. ದೇಶದೇಶದ ಜನ ತಮ್ಮ ತಮ್ಮ ಕಾರ್ಡುಗಳ ಹಿಂದುಮುಂದು ಎರಡೂ ಬದಿ ಹಾಕಿಕೊಂಡಿದ್ದಾರೆ. ಒಬ್ಬ ಬರೀ ರೈಲು ನಿಲ್ದಾಣ ಕೂಡಿಟ್ಟಿದ್ದಾನೆ, ಒಬ್ಬಳು ಬರೀ ದೀಪಸ್ತಂಭ. ಒಬ್ಬರ ಕಾರ್ಡು ಇನ್ನೊಬ್ಬರಿಗೆ ಬೇಕಾದರೆ ಬದಲಿಗೆ ಬೇರೆ ಕಾರ್ಡು ಕೊಟ್ಟು ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. ಮೆಚ್ಚಿದವರು ಕೆಂಪು ಹೃದಯ ಒತ್ತುತ್ತಾರೆ. ಯಾರ ಪುಟವನ್ನು ಎಷ್ಟು ಜನ ನೋಡಿದರೆಂಬ ಲೆಕ್ಕ ಮೇಲುಗಡೆಯೇ ಕಾಣುತ್ತದೆ. ಈ ಹುಚ್ಚು ನನಗೊಬ್ಬಳಿಗೇ ಇರುವುದು ಎಂದುಕೊಂಡಿದ್ದವಳಿಗೆ ಲೋಕವೆಲ್ಲ ಹುಚ್ಚರೇ ಎಂದು ತಿಳಿದು ಆನಂದವಾಯಿತು.

ಆನಂದವಾದಾಗ ಬಾಯಿ ನಿಲ್ಲುವುದಿಲ್ಲ. ಆ ವಾರವೇ ವಾರಗಿತ್ತಿ ಬಂದಿದ್ದಳು. ತೋರಿಸಿಬಿಟ್ಟೆ.

“ಅಕ್ಕಾ, ಎಷ್ಟ್ ಚೆನ್ನಾಗದೆ! ನಂಗೂ ಒಂದ್ ಅಕೌಂಟ್ ಮಾಡ್ಕೊಡಿ” ಎಂದಳು. ಮಾಡಿಕೊಟ್ಟೆ. ಕೊಡುವಾಗ ನನಗೊಂದು ಗರ್ವವೂ ಇತ್ತು. ನನ್ನ ಹತ್ತಿರ ತಂತಿ ತುಂಬ ಕಾರ್ಡಿದೆ, ಅವಳ ಹತ್ತಿರ ಏನಿದೆ ಎಂದು.

ನನ್ನ ಕಾರ್ಡುಗಳನ್ನು ಹಾಕಿದ ಮೇಲೆ ಬಂದ ಮೊದಲ ಪ್ರಶ್ನೆ, ಎಲ್ಲದರ ನಡುವೆಯೂ ತೂತು ಏಕಿದೆ ಎಂಬುದು. ತಂತಿಯ ಕಥೆಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಒಬ್ಬ ಅಯ್ಯೋ ಪಾಪ ಎಂದ. ಇನ್ನೊಬ್ಬ ‘ಡ್ಯಾಮೇಜ್ಡ್’ ಎಂದು ಒಂದೇ ಪದ ಬರೆದು ಹೋದ. ನಮ್ಮ ಮಾವನವರು ಜೋಪಾನವಾಗಿರಲಿ ಎಂದು ಚುಚ್ಚಿಟ್ಟದ್ದು ಅಲ್ಲಿ ಹಾಳು ಮಾಡಿದ ಲೆಕ್ಕಕ್ಕೆ ಬಂತು.

ಅವಳು ಏನು ಮಾಡಿದಳು ಗೊತ್ತೆ? ಬ್ಯಾಂಕಿಗೆ ಪಿಂಚಣಿಗೆ ಬರುವ ಮುದುಕ ಮುದುಕಿಯರನ್ನೆಲ್ಲ ಕೂರಿಸಿ, ನೀರು ಕೊಟ್ಟು, “ತಾತ, ಮನೇಲಿ ಹಳೇ ಕಾರ್ಡಿದ್ರೆ ಎಸಿಬೇಡಿ, ನಂಗೆ ತಂದ್ಕೊಡಿ” ಎಂದು ಹಲ್ಲು ಬಿಟ್ಟಳು. ಅವಳ ಹಲ್ಲು ಚೆನ್ನಾಗಿವೆ. ಅವರು ತಂದುಕೊಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ, ಹಳೆಯ ಡಬ್ಬಿಯಲ್ಲಿ, ತೂತಿಲ್ಲದ, ಮೂಲೆ ಮಡಿಯದ ಕಾರ್ಡುಗಳು. ನಾನೂ ಶಾಲೆಯಲ್ಲಿ ಮಕ್ಕಳಿಗೆ ಹೇಳಿನೋಡಿದೆ. ನನಗೆ ಬಂದದ್ದು ರೇಷನ್ ಕಾರ್ಡಿನ ಜೆರಾಕ್ಸು ಮತ್ತು ಮದುವೆಯ ಕರೆಯೋಲೆಗಳು.

ಮಳೆಗಾಲದ ಹೊತ್ತಿಗೆ ಅವಳ ಪುಟದಲ್ಲಿ ಜಾತ್ರೆ. ಕೊಲ್ಕತ್ತದವರು, ಜಪಾನಿನವರು, ಪೋರ್ಚುಗಲ್ಲಿನವರು. ನನ್ನ ಪುಟಕ್ಕೆ ಬರುವವರಲ್ಲಿ ಅರ್ಧ ನಾನೇ. ಶಾಲೆಯಿಂದ ಬರುವಾಗ ಬಸ್ಸಿನ ಕಿಟಕಿಯಾಚೆ ಚೆಂಡುಹೂವಿನ ಹೊಲಗಳಲ್ಲಿ ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರೆ, ನಾನು ಮೊಬೈಲಿನಲ್ಲಿ ಅವಳ ಹೃದಯಗಳನ್ನು ಎಣಿಸುತ್ತಿದ್ದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಯಾರು ಕಟ್ಟಿದರೋ, ತಿಳಿದೇ ಕಟ್ಟಿದ್ದಾರೆ. ಊಟದ ಮುಂಚೆಯೂ ಉರಿಯುತ್ತಿತ್ತು, ಊಟವಾದ ಮೇಲೂ ಉರಿಯುತ್ತಿತ್ತು.

“ಅವ್ಳ ಪಾಡ್ಗೆ ಅವ್ಳು ಮಾಡ್ಕತಳೆ, ನಿಂದೇನ್ ಕಿತ್ಕಂಡವ್ಳಾ? ಬುಡು ಅತ್ಲಾಗೆ” ಎಂದರು ನನ್ನ ಗಂಡ.

ಬಿಡುವುದಕ್ಕಾಗಲಿಲ್ಲ. ಆ ವೆಬ್‌ಸೈಟಿನಲ್ಲಿ ‘ನೀವು ಹುಡುಕುತ್ತಿರುವ ಕಾರ್ಡು ಯಾವುದು’ ಎಂದು ಬರೆಯಲು ಒಂದು ಜಾಗವಿದೆ. ಎಲ್ಲರೂ ಬರೆದಿರುತ್ತಾರೆ. ನಾನು ಅದನ್ನು ಖಾಲಿ ಬಿಟ್ಟೆ. ಬರೆದರೆ ಅವಳು ನೋಡುತ್ತಾಳೆ, ನೋಡಿದರೆ ನನಗಿಂತ ಮುಂಚೆ ಅವಳಿಗೇ ಸಿಗುತ್ತದೆ, ಸಿಕ್ಕಿದರೆ ನಗುತ್ತ ತಂದು ಕೊಡುತ್ತಾಳೆ. ನನ್ನ ಅಪ್ಪನನ್ನು ಅವಳ ಕೈಯಿಂದ ಇಸಿದುಕೊಳ್ಳುವುದು ನನಗೆ ಬೇಡವಾಗಿತ್ತು.

ಪಿತೃಪಕ್ಷಕ್ಕೆ ಇನ್ನು ಕೆಲವು ದಿನ ಇದೆ ಎನ್ನುವಾಗ ಅವಳು ಹೊಸದೊಂದು ಕಾರ್ಡು ಹಾಕಿದಳು. ಹೆಸರು ‘ಆನೆ, ಬಂಡೀಪುರ’. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿದ್ದಳು. ಕೊಚ್ಚಿಯ ಯಾರಿಂದಲೋ ಬದಲಿಗೆ ತರಿಸಿಕೊಂಡದ್ದಂತೆ. ದೊಡ್ಡ ದಂತದ ಆನೆ, ಹಿಂದೆ ಬಿದಿರು, ಹಳೆಯ ಅಚ್ಚಿನ ಆ ಹಸಿರು. ಒಂದು ಮಡಿಕೆಯಿಲ್ಲ, ಒಂದು ಕಲೆಯಿಲ್ಲ. ಅದೇ ದಿನ ಹೃದಯಗಳ ಸುರಿಮಳೆ.

ನಾನು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ನಾಲ್ಕು ಮೂಲೆ ನೋಡಿದೆ, ಅಂಚು ನೋಡಿದೆ, ಹಿಂಬದಿಯ ಸ್ಟಾಂಪು ನೋಡಿದೆ. ಎಲ್ಲಾದರೂ ಒಂದು ಗೀರು ಇರಬಾರದೆ? ಇರಲಿಲ್ಲ. ಅಪ್ಪನ ಕಾರ್ಡು ಇದೇ ಇರಬಹುದೆ ಎಂಬ ಯೋಚನೆ ನನಗೆ ಬರಲಿಲ್ಲ. ಅಪ್ಪನ ಮಾತಿನಲ್ಲಿ ಅಪ್ಪ ನಡುವೆ ನಿಂತಿದ್ದರು, ಆನೆ ಪಕ್ಕದಲ್ಲಿತ್ತು. ನಾನು ಹುಡುಕುತ್ತಿದ್ದುದು ದೊಡ್ಡ ಮುಖದ ಅಪ್ಪನನ್ನು. ಇದರಲ್ಲಿ ಆನೆಯೇ ತುಂಬಿಕೊಂಡಿತ್ತು. ಬಲಗಡೆ ಮುಂಗಾಲಿನ ಹತ್ತಿರ ಟೋಪಿ ಹಾಕಿದ ಯಾರೋ ಒಬ್ಬ, ದೊಣ್ಣೆಯನ್ನು ಹೆಗಲ ಹಿಂದೆ ಅಡ್ಡ ಹಾಕಿ, ಅದಕ್ಕೆ ಎರಡೂ ಕೈ ಇಳಿಬಿಟ್ಟು ನಿಂತಿದ್ದ.

ಕೊನೆಗೂ ಒಂದು ಕೊರತೆ ಸಿಕ್ಕಿತು ಎಂದು ನನಗೆ ಸಮಾಧಾನವಾಯಿತು. ನನ್ನ ಹೆಸರಿನಲ್ಲಿ ಬರೆದರೆ ಗೊತ್ತಾಗುತ್ತದೆಂದು ಸುಳ್ಳು ಹೆಸರಿನ ಇನ್ನೊಂದು ಖಾತೆ ತೆರೆದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನೇ ಪಾಸ್‌ವರ್ಡ್ ಮಾಡಿ ಹೊಡೆದೆ. ಕಾರ್ಡಿನ ಕೆಳಗೆ ಬರೆದೆ: ‘ಚೆನ್ನಾಗಿದೆ. ಆದರೆ ಆನೆಗೆ ಅಡ್ಡವಾಗಿ ಯಾವನೋ ನಿಂತಿದ್ದಾನೆ. ಅವನಿಲ್ಲದಿದ್ದರೆ ಒಳ್ಳೆಯ ಕಾರ್ಡು.’

ಬರೆದ ಮೇಲೆ ಸುಖವಾಗಿ ನಿದ್ದೆ ಬಂತು.

ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡಲು ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ಗಂಡಸರು ಬಾಳೆ ಎಲೆ, ಹೊಸ ಪಂಚೆ ತರಲು ಪೇಟೆಗೆ ಹೋಗಿದ್ದರು. ಅತ್ತೆ ನಡುಮನೆಯಲ್ಲಿ ಮಾವನವರ ಫೋಟೋ, ಮಾವನವರ ತಂದೆತಾಯಿಯ ಫೋಟೋ ಗೋಡೆಯಿಂದ ಇಳಿಸಿ, ಒರೆಸಿ, ಮಣೆಯ ಮೇಲೆ ನಿಲ್ಲಿಸಿ ಹಣೆಗೆ ಗಂಧ ಕುಂಕುಮ ಇಡುತ್ತಿದ್ದರು. ನಾನು ಅಡಿಗೆಮನೆಯಲ್ಲಿ ವಡೆ ಕರಿಯುತ್ತಿದ್ದೆ. ವಾರಗಿತ್ತಿ ಕಜ್ಜಾಯದ ಹಿಟ್ಟು ತಟ್ಟಿಕೊಡುತ್ತಿದ್ದಳು. ಅವಳ ಆಲ್ಬಮ್ಮು ನಡುಮನೆಯ ಕುರ್ಚಿಯ ಮೇಲಿತ್ತು. ತಂದೇ ತರುತ್ತಾಳೆಂದು ನನಗೆ ಗೊತ್ತಿತ್ತು.

“ಅಕ್ಕ, ಆನೆ ಕಾರ್ಡಿಗೆ ಒಬ್ಬ ಏನ್ ಬರ್ದವ್ನೆ ನೋಡಿದ್ರಾ? ಆನೆಗೆ ಅಡ್ಡ ಯಾವನೋ ನಿಂತವ್ನೆ, ಇಲ್ದಿದ್ರೆ ಚೆನ್ನಾಗಿರದಂತೆ. ಕನ್ನಡದೋನೆ. ಯಾವನೋ ಹೊಟ್ಟೆಕಿಚ್ಚಿನೋನು.”

“ಇರಬಹುದು” ಎಂದು ನಾನು ವಡೆ ತಿರುವಿದೆ. ಅವಳು ನಕ್ಕಳು. ಅವಳಿಗೆ ಬೇಜಾರೂ ಆಗಿರಲಿಲ್ಲ, ಅದಕ್ಕೂ ನನಗೆ ಉರಿಯಿತು.

ಅತ್ತೆಗೆ ಕಿವಿ ಚುರುಕು. “ಅದ್ಯಾರಮ್ಮಿ ಆನೆಗ್ ಅಡ್ಡ ನಿಂತಿರದು? ತತ್ತಾ ಇಲ್ಲಿ, ನೋಡನ” ಎಂದು ಕೂಗಿದರು.

ಅವಳು ಕೈ ತೊಳೆದು ಹೋಗಿ ಆಲ್ಬಮ್ ತೆರೆದು ತೋರಿಸಿದಳು. ಪ್ಲಾಸ್ಟಿಕ್ಕಿನ ಹೊಳಪಿಗೆ ಅತ್ತೆಗೆ ಕಾಣಲಿಲ್ಲ. ಹೊರಗೆ ತೆಗೆದು ಕೊಟ್ಟಳು. ಅತ್ತೆ ಕಾರ್ಡನ್ನು ಎಡಗೈಯಲ್ಲಿ ತೋಳುದ್ದ ಚಾಚಿ ಹಿಡಿದು, ಬಾಗಿಲ ಬೆಳಕಿಗೆ ತಿರುಗಿ ನೋಡಿದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ನಾನು ವಡೆ ತೆಗೆಯುವ ಜಾಲರಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಬಲಗೈ ಬೆರಳನ್ನು ಗಂಧದ ಬಟ್ಟಲಿಗೆ ಅದ್ದಿದರು, ಆ ಮನುಷ್ಯನ ಹಣೆಗೆ ಒತ್ತಿದರು, ಮೇಲೆ ಕುಂಕುಮ ಒತ್ತಿದರು.

“ಅಯ್ಯೋ ಅತ್ತೆ! ಹಾಳ್ಮಾಡ್ಬುಟ್ರಲ್ಲಾ!” ಅವಳು ಕಿರುಚಿಕೊಂಡಳು.

ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸುಳ್ಳೇಕೆ ಹೇಳಲಿ. ತೂತಿಲ್ಲದ, ಕಲೆಯಿಲ್ಲದ, ಪೋರ್ಚುಗಲ್ಲಿನವರೆಗೂ ಹೆಸರಾದ ಆ ಕಾರ್ಡಿಗೆ ನಮ್ಮತ್ತೆಯ ಬೆರಳಿನ ಗುರುತು ಬಿತ್ತು. ಈಗ ಅದೂ ‘ಡ್ಯಾಮೇಜ್ಡ್’. ನಗು ಬಂದೀತೆಂದು ತುಟಿ ಕಚ್ಚಿಕೊಂಡೆ.

“ಯಾಕಮ್ಮಿ ಬಡ್ಕತೀಯೆ?” ಎಂದರು ಅತ್ತೆ. “ಇವತ್ತಿನ್ ದಿನ ಸತ್ತೋರ ಮಕ ಕಣ್ಗ್ ಬಿದ್ರೆ ಬೊಟ್ಟಿಕ್ದೆ ಬುಡಕಾದದಾ? ನಮ್ ಬೀಗ್ರು ಕಣ ಇವ್ರು.” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮಪ್ಪ ಅಲ್ವಾ? ನಮ್ಮೂರಲ್ಲಿದ್ದಾಗ ಇಂಗೇ ದೊಣ್ಣೆ ಎಗಲ್ಮೇಲ್ ಆಕಂಡು ನಿಂತ್ಕಳೋರು. ನಾವು ನೀರ್ಗೋಯ್ತಿದ್ವಿ, ಕೊಕ್ಕರೆ ನಿಂತದೆ ಅಂತ ಆಡ್ಕಂಡ್ ನಗೋವು” ಎಂದರು.

ಎಣ್ಣೆಯಲ್ಲಿ ವಡೆ ಕರಿಕಾಗುವ ವಾಸನೆ ಬಂತು. ನಾನು ಜಾಲರಿಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಕಾರ್ಡನ್ನು ಅತ್ತೆಯ ಕೈಯಿಂದ ತೆಗೆದುಕೊಂಡೆ. ಆ ಮುಖ ಇದ್ದದ್ದೇ ಒಂದು ಕಡಲೆಕಾಳಿನಷ್ಟು. ಅತ್ತೆಯ ಬೆರಳು ದಪ್ಪ. ಟೋಪಿಯ ಕೆಳಗೆ ಒದ್ದೆ ಕುಂಕುಮ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೆಗಲು ಕಾಣುತ್ತಿತ್ತು, ಇಳಿಬಿಟ್ಟ ಕೈಗಳು ಕಾಣುತ್ತಿದ್ದವು. ಅಪ್ಪನ ಕೈಗಳೇ. ಅಷ್ಟು ದಿನ ಅದೇ ಚಿತ್ರವನ್ನು ನಾನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೆ! ಮೂಲೆ ನೋಡಿದ್ದೆ, ಅಂಚು ನೋಡಿದ್ದೆ.

ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ, ಗೆದ್ದಲು ತಿಂದ ಕಾರ್ಡು, ನನ್ನ ಹುಡುಕಾಟ, “ನನ್ ಫೋಟಾ, ಪಕ್ದಲ್ಲಿ ಆನೆ” ಎನ್ನುತ್ತಿದ್ದ ಅಪ್ಪನ ಮಾತು. ಸುಳ್ಳು ಹೆಸರಿನ ಖಾತೆಯದ್ದು ಮಾತ್ರ ಹೇಳಲಿಲ್ಲ. ವಾರಗಿತ್ತಿ ನನ್ನ ಬೆನ್ನು ಸವರಿದಳು.

“ಮೊದ್ಲೇ ಯೋಳ್ಬಾರ್ದಾ ಅಕ್ಕ? ನಾನೇ ಹುಡುಕ್ಕೊಡ್ತಿದ್ನಲ್ಲ. ತಕ್ಕಳಿ, ಇದು ನಿಮ್ದೇ” ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಹೀಗೇ ಆಗುತ್ತದೆಂದು ನಾನು ಹೆದರಿಕೊಂಡಿದ್ದೆ, ಹಾಗೆಯೇ ಆಯಿತು.

ಎಡೆ ಆದ ಮೇಲೆ, ಊಟ ಆದ ಮೇಲೆ, ಎಲ್ಲರೂ ಹೊರಟ ಮೇಲೆ ನಾನು ಅತ್ತೆಯ ಪಕ್ಕದಲ್ಲಿ ಕೂತೆ. ಅಪ್ಪ ಆಗ ಹೇಗಿದ್ದರು, ದಪ್ಪಗಿದ್ದರಾ, ಹಾಡುತ್ತಿದ್ದರಾ, ಮೀಸೆ ಇತ್ತಾ ಎಂದು ಕೇಳಿದೆ. ಅತ್ತೆ ಎಲೆ ಅಡಿಕೆ ಮೆಲ್ಲುತ್ತ ನೆನೆಸಿಕೊಂಡರು.

“ಮೀಸೆ ಇತ್ತು. ಚೆಂದಾಗಿದ್ರು. ನಗ್ತಿದ್ರು ಯಾವಾಗ್ಲೂ.”

“ಆಮೇಲೆ?”

“ಆಮೇಲೇನ್ ಕಣಮ್ಮಿ? ಅವರ ಪಾಡ್ಗೆ ಅವರಿದ್ರು, ನಮ್ ಪಾಡ್ಗೆ ನಾವಿದ್ವಿ.”

ನನಗೆ ಅತ್ತೆಯ ಮೇಲೂ ಅಸೂಯೆ ಹುಟ್ಟಿತು. ನಗುವ ಅಪ್ಪನನ್ನು ದಿನಾ ನೋಡಿದ್ದಾರೆ, ಮೀಸೆಯ ಅಪ್ಪನನ್ನು ಕೊಕ್ಕರೆ ಎಂದು ಆಡಿಕೊಂಡಿದ್ದಾರೆ. ನಾನು ಕಂಡದ್ದು ಕೆಮ್ಮುವ ಅಪ್ಪನನ್ನು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಒಂದು ದಿನವೂ ಇದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾರ್ಡಿಗೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೇನೆ. ಕುಂಕುಮ ಒಣಗಿ ಗಟ್ಟಿಯಾಗಿದೆ. ಕೆರೆದರೆ ಕೆಳಗಿನ ಅಚ್ಚೂ ಕಿತ್ತುಬರುತ್ತದೆ ಎಂದರು ಫೋಟೋ ಸ್ಟುಡಿಯೋದವರು. ಅಪ್ಪನ ಆ ಮುಖ ಈಗ ಉಳಿದಿರುವುದು ವಾರಗಿತ್ತಿಯ ಪುಟದಲ್ಲಿ ಮಾತ್ರ, ಅವಳು ಮುಂಚೆ ಹಾಕಿದ ಚಿತ್ರದಲ್ಲಿ. ಅದನ್ನು ನನ್ನ ಮೊಬೈಲಿಗೆ ಇಳಿಸಿಕೊಳ್ಳಲು ನೋಡಿದೆ. ಯಾರೂ ಕದಿಯದಿರಲಿ ಎಂದು ಆ ವೆಬ್‌ಸೈಟಿನವರು ಚಿತ್ರದ ಮೇಲೆ ಒಡೆಯರ ಹೆಸರು ತೇಲಿಸಿರುತ್ತಾರೆ. ಅಪ್ಪನ ಎದೆಯ ಮೇಲೆ ಅಡ್ಡಡ್ಡಲಾಗಿ ಅವಳ ಹೆಸರು. ಕೇಳಿದರೆ ಹೆಸರಿಲ್ಲದ್ದನ್ನು ಕಳಿಸಿಕೊಡುತ್ತಾಳೆ, ಸಂತೋಷವಾಗಿ ಕಳಿಸುತ್ತಾಳೆ. ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಅವಳು ಆ ಕಾರ್ಡಿನ ಹೆಸರು ಬದಲಾಯಿಸಿದ್ದಾಳೆ. ಮೊದಲು ‘ಆನೆ, ಬಂಡೀಪುರ’ ಎಂದಿತ್ತು. ಈಗ ‘ನಮ್ಮ ಅಕ್ಕನ ತಂದೆ, ಬಂಡೀಪುರ. ಪಕ್ಕದಲ್ಲಿ ಆನೆ’ ಎಂದಿದೆ. ಆ ಸಾಲು ನಾನು ಬರೆಯಬೇಕಾಗಿದ್ದದ್ದು. ಅದರ ಕೆಳಗೆ ನಾನು ಬರೆದದ್ದು ಹಾಗೆಯೇ ಇದೆ. ಅಳಿಸೋಣವೆಂದರೆ ಸಿಟ್ಟಿನಲ್ಲಿ ಹೊಡೆದ ಪಾಸ್‌ವರ್ಡ್ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ.

ಅಪ್ಪನ ನಗುಮುಖ ನೋಡಬೇಕೆನ್ನಿಸಿದಾಗಲೆಲ್ಲ ಅಲ್ಲಿಗೇ ಹೋಗುತ್ತೇನೆ. ಹೋದಾಗಲೆಲ್ಲ ಅವಳ ಪುಟ ನೋಡಿದವರ ಲೆಕ್ಕದಲ್ಲಿ ಇನ್ನೊಂದು ಏರುತ್ತದೆ.